ಮತ್ತೆ ಬನ್ನಿ ಎನ್ನುವ ಸರ್ವರ್

ಚಂದಾಪುರದಿಂದ ಬೆಂಗಳೂರಿನತ್ತ ಹೊರಟರೆ ಮೊದಲು ಬೊಮ್ಮಸಂದ್ರ, ಆಮೇಲೆ ಎಲೆಕ್ಟ್ರಾನಿಕ್ ಸಿಟಿ. ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕಟ್ಟತೊಡಗಿದ ಊರು ಅದು. ಅದರ ಚರಿತ್ರೆಯನ್ನು ಗಾಜಿನ ಕಟ್ಟಡಗಳಲ್ಲೇ ಹುಡುಕುತ್ತೇವೆ. ಆದರೆ ಹೊರದೇಶದ ಗಿರಾಕಿಗಳೊಡನೆ ಅದನ್ನು ಬೆಸೆದದ್ದರಲ್ಲಿ ಇಮೇಲ್‌ನ ಪಾಲು ದೊಡ್ಡದು. ಇಮೇಲ್ ನಿಂತರೆ ಕೆಲಸವೂ ನಿಂತಂತೆ.

1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಬಂತು. 2000ದ ಮೇ 4ರಂದು, ಮನಿಲಾದಿಂದ ಹೊರಟ ‘ಐ ಲವ್ ಯೂ’. ಎರಡೂ ಬಂದದ್ದು ಪರಿಚಿತರ ಹೆಸರಿನಲ್ಲೇ. ತೆರೆದವರ ವಿಳಾಸಪಟ್ಟಿ ಹಿಡಿದು ಮುಂದಕ್ಕೆ ಓಡಿದವು. ಮೇಜುಮೇಜಿಗೆ ಕಾವಲಿಟ್ಟರೆ ಸಾಲದು, ಹೆಬ್ಬಾಗಿಲಲ್ಲೇ ತಡೆಯಬೇಕು ಎಂಬ ಮಾತಿಗೆ ಬಲ ಬಂತು. ಹೆಬ್ಬಾಗಿಲೆಂದರೆ ಮೇಲ್ ಸರ್ವರ್. ಪಾಪ, ಅದಕ್ಕೆ ಪತ್ರ ಹಂಚುವುದೇ ಸಾಕಷ್ಟು ಕೆಲಸ. ಲಗತ್ತು ಬಿಚ್ಚಿ, ಜಿಪ್ ಒಡೆದು, ಸಾವಿರಾರು ವೈರಸ್ ಗುರುತುಗಳೊಡನೆ ಹೋಲಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆಯುತ್ತಿತ್ತು.

ಹಾಗಾಗಿ ತಪಾಸಣೆಯನ್ನೇ ಬೇರೆ ಯಂತ್ರಕ್ಕೆ ಸಾಗಿಸಿದರು. ಪೋಲೆಂಡಿನ ತೊಮಾಶ್ ಕೊಯ್ಮ್ 2002ರಲ್ಲಿ ಹೊರತಂದ ಉಚಿತ ತಂತ್ರಾಂಶ ಕ್ಲಾಮ್‌ಎವಿಯನ್ನೇ ನೋಡಿ. ಅದರ ಕ್ಲಾಮ್‌ಡಿ 3310ನೇ ಪೋರ್ಟಿನಲ್ಲಿ ಕಾದಿರುತ್ತದೆ. ನೆಟ್‌ವರ್ಕಿನಲ್ಲಿ ಬಂದ ಪತ್ರವನ್ನು ಜಾಲಾಡಿ ‘ಓಕೆ’ ಅಥವಾ ‘ಫೌಂಡ್’ ಎನ್ನುತ್ತದೆ. ಕೇಳಿದವರು ಯಾರೆಂದು ವಿಚಾರಿಸುವುದಿಲ್ಲ, ಪತ್ರವೂ ಗುಟ್ಟುಲಿಪಿಯಿಲ್ಲದೆ ಸಾಗುತ್ತದೆ. ಆದ್ದರಿಂದ ಆ ಪೋರ್ಟು ಹೊರಗಿನವರಿಗೆ ಕಾಣಬಾರದು.

ತಪಾಸಣೆಯ ಯಂತ್ರವೇ ಮಲಗಿದರೆ? ಪತ್ರ ಬಿಟ್ಟರೆ ವೈರಸ್ ನುಗ್ಗೀತು, ತಿರಸ್ಕರಿಸಿದರೆ ಗಿರಾಕಿಯ ಪತ್ರ ಕಳೆದೀತು. ಇದಕ್ಕೆ ಉತ್ತರ ವೈರಸ್ ತಜ್ಞರದಲ್ಲ. ಜಾನ್ ಪೋಸ್ಟೆಲ್ 1982ರಲ್ಲೇ ಬರೆದಿಟ್ಟ ಅಂಚೆ ನಿಯಮದ್ದು. 4ರಿಂದ ಶುರುವಾಗುವ ಸಂಕೇತ ಕೊಟ್ಟರೆ ‘ಈಗ ಆಗದು, ಮತ್ತೆ ಬನ್ನಿ’ ಎಂದರ್ಥ. ಕಳಿಸಿದ ಸರ್ವರ್ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು, ಬೇಕಾದರೆ ದಿನಗಟ್ಟಲೆ, ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ.