ಝಳ ತಡೆವ ಹಾಳೆ, ನಾಲ್ಕು ಜೀವ

ಬಿರುಬೇಸಿಗೆಯ ಮಧ್ಯಾಹ್ನ ತಗಡಿನ ಮನೆಯಲ್ಲಿ ಕೂತರೆ ನೆತ್ತಿಯ ಮೇಲೆ ಕೆಂಡ ಹಿಡಿದಂತಾಗುತ್ತದೆ. ಕಾದ ತಗಡಿನ ಶಾಖ ಒಲೆಯ ಝಳದಂತೆ ನೇರ ಕೆಳಗೆ ಬರುತ್ತದೆ. ಅದನ್ನು ತಡೆಯಲು ತಗಡಿನ ಕೆಳಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟುತ್ತಾರೆ. ನಡುವೆ ಒಂದಿಷ್ಟು ಜಾಗ ಬಿಟ್ಟರೆ ಬಹುಪಾಲು ಝಳ ಅಲ್ಲೇ ನಿಲ್ಲುತ್ತದೆ.

ಈ ಹಾಳೆಯ ಚರಿತ್ರೆಯಲ್ಲಿ ಆಸ್ಟ್ರೇಲಿಯಾದ ಒಂದು ಕಹಿ ಅಧ್ಯಾಯವಿದೆ. 2009ರಲ್ಲಿ ಜಗತ್ತಿನೆಲ್ಲೆಡೆ ಆರ್ಥಿಕ ಹಿಂಜರಿತವಿತ್ತು. ಜನರಿಗೆ ಕೆಲಸ ಸಿಗಲಿ, ಮನೆಗಳ ಕರೆಂಟ್ ಬಿಲ್ಲೂ ಇಳಿಯಲಿ ಎಂದು ಪ್ರಧಾನಿ ಕೆವಿನ್ ರಡ್ ಅವರ ಸರ್ಕಾರ ಅಟ್ಟಗಳಿಗೆ ಶಾಖ ತಡೆಯುವ ಹೊದಿಕೆ ಹಾಕಿಸಲು ಹಣ ಕೊಟ್ಟಿತು. ಸುಮಾರು ಒಂದು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಮುಗಿಯಿತು. ಸರಿಯಾದ ತರಬೇತಿಯಿಲ್ಲದ ಹುಡುಗರೂ ಅಟ್ಟ ಹತ್ತಿದರು.

ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಹಾಳೆಗೆ ಹೊಡೆದ ಲೋಹದ ಪಿನ್ನು ಕೆಳಗಿದ್ದ ವೈರಿಗೆ ಚುಚ್ಚಿ, ಇಡೀ ಹಾಳೆಗೆ ಕರೆಂಟ್ ಹರಿಯಿತು. ಯೋಜನೆಯಲ್ಲಿ ಒಟ್ಟು ನಾಲ್ವರು ಸತ್ತರು. ಮೂವರು ಶಾಕ್ ಹೊಡೆದು, ಒಬ್ಬ ಅಟ್ಟದ ಬಿಸಿಗೆ. ಅವರಲ್ಲೊಬ್ಬನಿಗೆ ಬರೀ 16 ವರ್ಷ. 2010ರ ಫೆಬ್ರವರಿಯಲ್ಲಿ ಯೋಜನೆ ನಿಂತಿತು. ಈ ಸಾವುಗಳನ್ನು ತಪ್ಪಿಸಬಹುದಿತ್ತು ಎಂದು 2014ರಲ್ಲಿ ತನಿಖಾ ಆಯೋಗ ಹೇಳಿತು.

ಈಗ ನಮ್ಮ ಕಡೆಯೂ ಈ ಹಾಳೆ ಹಾಕಿಸುವವರಿದ್ದಾರೆ. ಹಾಕಿಸಿ, ಒಳ್ಳೆಯದೇ. ಆದರೆ ಕೆಲಸದವರು ಹತ್ತುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಕಂಬದಿಂದ ಮೀಟರಿಗೆ ಬರುವ ವೈರಿನಲ್ಲಿ ಆಗಲೂ ಕರೆಂಟ್ ಇರುತ್ತದೆ, ಅದರ ಹತ್ತಿರ ಹಾಳೆ ಒಯ್ಯಬೇಡಿ. ವೈರಿನ ಬಳಿ ಲೋಹದ ಪಿನ್ನು, ಮೊಳೆ ಹೊಡೆಯಬೇಡಿ. ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ.