ಮೇಷ್ಟ್ರಾಗಲು ತೆರುವ ಬೆಲೆ

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಸಾಗಿ ಹಂಗಳದ ಬಳಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಮಂಜು ನೋಡುವ ಆತುರದಲ್ಲಿ, ಹಂಗಳ ಒಂದು ಹೋಬಳಿ ಕೇಂದ್ರ ಎಂಬುದು ಪ್ರವಾಸಿಗರ ಗಮನಕ್ಕೆ ಬರುವುದಿಲ್ಲ. ಮೈಸೂರು ಸೀಮೆಯ ಶಿಕ್ಷಣದ ಇತಿಹಾಸದಲ್ಲಿ ಮಾತ್ರ 'ಹೋಬಳಿ' ತೂಕದ ಮಾತು.

ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು 1868ರಲ್ಲಿ ರೂಪಿಸಿದವರು ಬಿ.ಎಲ್. ರೈಸ್. ಮುಂದೆ ಈ ತಾಲ್ಲೂಕಿನ ಶಾಸನಗಳನ್ನು ಸಂಪಾದಿಸಿದವರೂ ಅವರೇ. ಶಾಲೆ ತೆರೆಯಬಹುದು, ಮೇಷ್ಟ್ರು ಎಲ್ಲಿಂದ ಬರಬೇಕು? ಪಟ್ಟಣದಲ್ಲಿ ಓದಿದವನು ಕಾಡಂಚಿನ ಹಳ್ಳಿಯಲ್ಲಿ ನೆಲೆಸುವನೆಂಬ ಭರವಸೆಯಿರಲಿಲ್ಲ. ಊರಿನ ಕೂಲಿಮಠದಲ್ಲಿ ಅಕ್ಷರ ತಿದ್ದಿಸುತ್ತಿದ್ದ ಐಗಳನ್ನೇ ಆರಿಸಿ, ಸರಕಾರಿ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಮರಳಿ ಕಳಿಸುವುದು ಆಗ ಕಂಡುಕೊಂಡ ಉಪಾಯ. ಮೇಷ್ಟ್ರನ್ನು ತಯಾರಿಸುವುದು ಸರಕಾರದ ಹೊಣೆಯೆಂಬ ತಿಳಿವಳಿಕೆ ಅದರ ಹಿಂದಿತ್ತು.

1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ವಿಷಯಜ್ಞಾನವನ್ನೂ ಬೋಧನಾ ಕ್ರಮವನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಪದವಿ. ಜೊತೆಗೆ ಪಾಠ ಮಾಡಿ ನೋಡಲು ಆವರಣದಲ್ಲೇ ಒಂದು ಪ್ರಾತ್ಯಕ್ಷಿಕೆ ಶಾಲೆ. ಈಜು ಕಲಿಯುವವನಿಗೆ ಕೆರೆ ಇದ್ದಂತೆ. ಆದರೆ ಇಂಥ ಕಾಲೇಜು ಇಡೀ ದಕ್ಷಿಣ ಭಾರತಕ್ಕೆ ಒಂದೇ.

ಉಳಿದವರು ಹೋದದ್ದು ಬೇರೆ ಕಾಲೇಜುಗಳಿಗೆ. ವಂತಿಗೆಯ ಹಾವಳಿ ಎಷ್ಟಿತ್ತೆಂದರೆ 1984ರಲ್ಲಿ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆಯನ್ನೇ ತರಬೇಕಾಯಿತು. ಅಧ್ಯಾಪಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿಗೆ 1995ರಲ್ಲಿ ಶಾಸನಬದ್ಧ ಅಧಿಕಾರ ಬಂದಮೇಲೂ ಖಾಸಗಿ ಕಾಲೇಜುಗಳು ಬೆಳೆಯುತ್ತಲೇ ಹೋದವು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವರ್ಮಾ ಆಯೋಗ 2012ರಲ್ಲಿ ವರದಿ ಕೊಡುವ ವೇಳೆಗೆ ದೇಶದ ಬಹುಪಾಲು ತರಬೇತಿ ಸಂಸ್ಥೆಗಳು ಖಾಸಗಿಯವರ ಕೈಯಲ್ಲಿದ್ದವು.

ಗುಣಮಟ್ಟದ ಮಾತಿಗೆ ಉತ್ತರವಾಗಿ 2015ರಿಂದ ಒಂದು ವರ್ಷದ ಬಿ.ಎಡ್. ಎರಡು ವರ್ಷವಾಯಿತು. ಶಾಲೆಯಲ್ಲಿ ಪಾಠ ಮಾಡುವ ಇಂಟರ್ನ್‌ಷಿಪ್‌ಗೆ 20 ವಾರ ಮೀಸಲು. ಅದಕ್ಕೆ ಹಾಜರಾತಿ ಶೇ 90 ಇರಲೇಬೇಕು. ಕಾಗದದಲ್ಲಿ ಇದು ಒಳ್ಳೆಯದೇ. ಆದರೆ ಅರಿಶಿನ, ಚೆಂಡುಹೂ ಬೆಳೆಯುವ ಮನೆಯ ಹುಡುಗಿಯ ಲೆಕ್ಕವೇ ಬೇರೆ. ಶುಲ್ಕ, ಬಸ್ಸು, ಹಾಸ್ಟೆಲ್ಲು, ಪಾಠಯೋಜನೆಯ ಚಾರ್ಟುಗಳ ಖರ್ಚಿನ ಮೇಲೆ ಇನ್ನೊಂದು ವರ್ಷದ ದುಡಿಮೆಯೂ ಹೋಯಿತು. ಹಾಜರಾತಿ ಕೇಳದೆ ಪ್ರಮಾಣಪತ್ರ ಕೊಡುವ ಕಾಲೇಜು ಅವಳಿಗೆ ಅಗ್ಗವಾಗಿ ಕಂಡರೆ ಬೈಯುವುದು ಯಾರನ್ನು? ಖರ್ಚು ಹೊರುವವರನ್ನು ಗೊತ್ತುಮಾಡದೆ ಅವಧಿ ಹಿಗ್ಗಿಸಿದ್ದು ಅರ್ಧ ಸುಧಾರಣೆಯೆಂದೇ ನನ್ನ ಅನಿಸಿಕೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕು ವರ್ಷದ ಸಂಯೋಜಿತ ಪದವಿಗೇ ಮರಳಿದೆ. ಅದರಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವೂ ಉಂಟು: ಗ್ರಾಮೀಣ ಪ್ರತಿಭಾವಂತರಿಗೆ ಈ ಪದವಿ ಓದಲು ವಿದ್ಯಾರ್ಥಿವೇತನ, ಓದು ಮುಗಿದ ಮೇಲೆ ಅವರ ಪ್ರದೇಶದಲ್ಲೇ ಕೆಲಸಕ್ಕೆ ಆದ್ಯತೆ. ಊರಿನವನನ್ನೇ ಆರಿಸಿ, ಕಲಿಸಿ, ಊರಿಗೆ ಕಳಿಸುವ ರೈಸ್ ಅವರ ಉಪಾಯವೇ ಇದು, ಒಂದೂವರೆ ಶತಮಾನದ ನಂತರ.