ವಿಚ್ಛೇದನದಲ್ಲಿ ಜಂಟಿ ವ್ಯಾಪಾರದ ಪಾಲು (ಭಾರತ)

ಗಂಡ ಹೆಂಡತಿ ಕೂಡಿ ನಡೆಸುತ್ತಿದ್ದ ಅಂಗಡಿ, ಕಾರ್ಖಾನೆ ಅಥವಾ ಕಂಪನಿಯ ಸ್ವತ್ತು, ಸಾಲ ಮತ್ತು ಹೆಸರನ್ನು ವಿಚ್ಛೇದನದ ಸಂದರ್ಭದಲ್ಲಿ ಇತ್ಯರ್ಥಪಡಿಸುವ ಕ್ರಮ. ಭಾರತದಲ್ಲಿ ಇದಕ್ಕೆಂದೇ ಮಾಡಿದ ಕಾಯ್ದೆ ಇಲ್ಲ. ಮದುವೆ ಮುರಿಯುವುದು ವಿವಾಹ ಕಾನೂನಿನ ಪ್ರಕಾರ, ವ್ಯಾಪಾರ ಒಡೆಯುವುದು ಪಾಲುದಾರಿಕೆ ಅಥವಾ ಕಂಪನಿ ಕಾನೂನಿನ ಪ್ರಕಾರ. ಮದುವೆಯಾದ ಮಾತ್ರಕ್ಕೆ ಒಬ್ಬರ ವ್ಯಾಪಾರದಲ್ಲಿ ಇನ್ನೊಬ್ಬರಿಗೆ ಪಾಲು ಹುಟ್ಟುವುದಿಲ್ಲ. ಗೋವಾ ಇದಕ್ಕೆ ಹೊರತು: 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯಿಂದ ಬಂದ ಪದ್ಧತಿಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದ ದಂಪತಿಯ ಸ್ವತ್ತು ಸಾಮಾನ್ಯವಾಗಿ ಇಬ್ಬರದೂ ಆಗಿರುತ್ತದೆ.

1955ರ ಹಿಂದೂ ವಿವಾಹ ಕಾಯ್ದೆಯ 27ನೆಯ ಕಲಂ ಹೇಳುವುದು ಮದುವೆಯ ಹೊತ್ತಿಗೆ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಸ್ವತ್ತಿನ ಮಾತು. ಹತ್ತು ವರ್ಷ ದುಡಿದು ಬೆಳೆಸಿದ ಬೇಕರಿ ಅದರೊಳಗೆ ಬರುವುದಿಲ್ಲ. ದಂಪತಿಯ ನಡುವಿನ ಆಸ್ತಿ ವ್ಯಾಜ್ಯವನ್ನು ಕೌಟುಂಬಿಕ ನ್ಯಾಯಾಲಯ ವಿಚಾರಿಸಬಹುದು. ವ್ಯಾಪಾರ ಕಂಪನಿಯ ರೂಪದಲ್ಲಿದ್ದು, ಆಡಳಿತದಲ್ಲಿ ದಬ್ಬಾಳಿಕೆ ನಡೆದಿದೆ ಎಂಬ ದೂರಿದ್ದರೆ ಅದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತದೆ. ಅದರ ಒಂದು ಪೀಠ ಬೆಂಗಳೂರಿನಲ್ಲಿದೆ.

ಪಾಲುದಾರಿಕೆಗೆ ಅನ್ವಯಿಸುವುದು 1932ರ ಕಾಯ್ದೆ. ಕರಾರುಪತ್ರದಲ್ಲಿ ಬೇರೆ ಬರೆಯದಿದ್ದರೆ ಲಾಭ ನಷ್ಟ ಸಮಪಾಲು. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಯಾರೊಬ್ಬರಾದರೂ ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು. ಲೆಕ್ಕ ಚುಕ್ತಾ ಮಾಡುವಾಗ ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಸಂಸ್ಥೆಗೆ ಕೊಟ್ಟ ಕೈಸಾಲ, ನಂತರ ಬಂಡವಾಳ. ಉಳಿದರೆ ಲಾಭದ ಪ್ರಮಾಣದಲ್ಲಿ ಹಂಚಿಕೆ. ಲೆಕ್ಕ ಮುಗಿಸದೆ ಒಬ್ಬರು ಅದೇ ಸ್ವತ್ತಿನಿಂದ ವ್ಯಾಪಾರ ಮುಂದುವರಿಸಿದರೆ, ಹೊರಬಂದವರು ತಮ್ಮ ಪಾಲಿನಿಂದ ಹುಟ್ಟಿದ ಲಾಭವನ್ನೋ ವರ್ಷಕ್ಕೆ 6% ಬಡ್ಡಿಯನ್ನೋ ಆರಿಸಿಕೊಳ್ಳಬಹುದು. ಈ ಹಕ್ಕು ಇರುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ.

ಕಷ್ಟವಿರುವುದು ಬೆಲೆ ಕಟ್ಟುವುದರಲ್ಲಿ. ಬೇಕರಿಯ ಓವನ್ನಿಗೆ, ಹಿಟ್ಟು ಕಲಸುವ ಯಂತ್ರಕ್ಕೆ, ಗಾಜಿನ ಷೋಕೇಸಿಗೆ ದರ ಸಿಗುತ್ತದೆ. ಅಂಗಡಿಯ ಅಡ್ವಾನ್ಸ್ ಎಷ್ಟೆಂದು ಬಾಡಿಗೆ ಕರಾರಿನಲ್ಲೇ ಇದೆ. ಬೋರ್ಡಿನ ಮೇಲಿನ ಹೆಸರಿಗೆ, ದಿನಾ ಸಂಜೆ ಬರುವ ಗಿರಾಕಿಗಳಿಗೆ? ಇದನ್ನೇ ಗುಡ್‌ವಿಲ್ ಎನ್ನುವುದು. ಕಾಯ್ದೆ ಇದನ್ನು ಸಂಸ್ಥೆಯ ಸ್ವತ್ತೆಂದೇ ಎಣಿಸುತ್ತದೆ.

ಸಾಲದ ಕಡೆ ಹೆಚ್ಚು ಎಚ್ಚರ ಬೇಕು. ವಿಚ್ಛೇದನದ ಡಿಕ್ರಿ ಬಂದರೂ ಬ್ಯಾಂಕಿಗೆ ಕೊಟ್ಟ ಜಾಮೀನು ತಾನಾಗಿ ರದ್ದಾಗುವುದಿಲ್ಲ. ಬ್ಯಾಂಕೇ ಬಿಡುಗಡೆ ಬರೆದುಕೊಡಬೇಕು. ಪಾಲುದಾರಿಕೆ ಮುಗಿದದ್ದನ್ನು ಸಾರ್ವಜನಿಕ ಪ್ರಕಟಣೆಯ ಮೂಲಕ ತಿಳಿಸದಿದ್ದರೆ, ಹೊರಗಿನವರ ಮಟ್ಟಿಗೆ ಹೊಣೆ ಇಬ್ಬರ ಮೇಲೂ ಉಳಿಯುತ್ತದೆ. ಪತ್ರಿಕೆಗಳ ಒಳಪುಟದ ಆ ಸಣ್ಣ ಜಾಹೀರಾತುಗಳಿಗೆ ಇದೇ ಕಾರಣ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆಗುವುದು ಕಾಗದದಲ್ಲಿ ಹೆಸರಿಲ್ಲದವರಿಗೆ. ಲೈಸೆನ್ಸ್, ಜಿಎಸ್‌ಟಿ, ಬ್ಯಾಂಕ್ ಖಾತೆ ಎಲ್ಲ ಗಂಡನ ಹೆಸರಿನಲ್ಲಿ. ಗಲ್ಲಾದಲ್ಲಿ ಕೂತು ಉದ್ರಿ ಪುಸ್ತಕ ಬರೆದವಳು ಹೆಂಡತಿ. ಆ ದುಡಿಮೆಗೆ ಕಾನೂನು ನೇರವಾಗಿ ಪಾಲು ಕೊಡುವುದಿಲ್ಲ, ಕೊಡಬೇಕಿತ್ತು. ಅವಳಿಗೆ ಉಳಿಯುವ ಮುಖ್ಯ ದಾರಿ ಹಿಂದೂ ವಿವಾಹ ಕಾಯ್ದೆಯ 25ನೆಯ ಕಲಮಿನ ಶಾಶ್ವತ ಜೀವನಾಂಶ; ಅದನ್ನು ನಿಗದಿ ಮಾಡುವಾಗ ಗಂಡನ ಆದಾಯ, ಆಸ್ತಿಯನ್ನು ನ್ಯಾಯಾಲಯ ನೋಡುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ವಿಧಿಸಿತು. ಅಂಗಡಿ ತೆರೆಯಲು ಅವಳ ಒಡವೆ ಅಡವಿಟ್ಟಿದ್ದರೆ ಆ ಚೀಟಿ ಜೋಪಾನವಾಗಿರಬೇಕು: ಸ್ತ್ರೀಧನ ಹೆಂಡತಿಯದೇ ಎಂದು ಅದೇ ನ್ಯಾಯಾಲಯ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ವ್ಯಾಪಾರದ ಇತ್ಯರ್ಥವನ್ನೂ ರಾಜಿಪತ್ರದಲ್ಲಿ ಬರೆಯಬಹುದು. ಯಾರು ಯಾರ ಪಾಲು ಕೊಳ್ಳುತ್ತಾರೆ, ಕಂತು ಯಾವ ತಾರೀಖಿಗೆ, ಹೆಸರು ಯಾರಿಗೆ ಎಂಬುದರ ಜೊತೆಗೆ ಅಂಗಡಿಯ ಫೋನ್ ನಂಬರು ಯಾರಿಗೆ, ಕೌಂಟರಿನ ಮೇಲಿನ ಕ್ಯೂಆರ್ ಕೋಡಿನ ಹಣ ಯಾರ ಖಾತೆಗೆ ಎಂಬುದೂ ಅದರಲ್ಲಿ ಸೇರಬೇಕು.